ತಿರುಪಿನ ತಲೆ ಕೆಡುವ ಮೊದಲು

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡದ ಮನೆಗಳ ಮಕ್ಕಳೇ, ನಿಮ್ಮಲ್ಲಿ ಏರ್ ರೈಫಲಿನ ಹವ್ಯಾಸ ಹೆಚ್ಚುತ್ತಿರುವುದು ನನಗೆ ಸಂತೋಷವೇ. ಉಸಿರು ಬಿಗಿಹಿಡಿದು ಒಂದು ಚುಕ್ಕೆಯ ಮೇಲೆ ಮನಸ್ಸು ನಿಲ್ಲಿಸುವ ಆಟ ಅದು. ಮೊಬೈಲು ಕೈಗೆ ಬಂದ ಮೇಲೆ ಅಂಥ ಆಟಗಳು ಅಪರೂಪವಾಗಿವೆ. ಆದರೆ ಒಂದು ವಿಷಯ ನನ್ನನ್ನು ಕಾಡುತ್ತಿದೆ. “ಅಂಕಲ್, ಸ್ಕೋಪ್ ಹಾಕಿದ ಮೇಲೆ ಪೆಲೆಟ್ ಒಂದೇ ಕಡೆ ಬೀಳ್ತಾ ಇಲ್ಲ” ಎಂದು ನೀವು ಬಂದಾಗಲೆಲ್ಲ ನಾನು ಮೊದಲು ತಿರುಪುಗಳ ತಲೆ ನೋಡುತ್ತೇನೆ. ಆರು ಮೂಲೆ ಇರಬೇಕಾದ ಗುಳಿ ಸವೆದು ದುಂಡಗಾಗಿರುತ್ತದೆ. ಸ್ಕೋಪನ್ನು ಹಿಡಿದಿಡುವ ರಿಂಗನ್ನು ಬಿಚ್ಚಿದರೆ ಕೊಳವೆಯ ಮೇಲೆ ಬಳೆಯಂತೆ ಒಂದು ಗೀರು, ಕೆಲವೊಮ್ಮೆ ಬೆರಳಿಗೆ ತಾಗುವಷ್ಟು ತಗ್ಗು. ಹದಿನೈದು ಇಪ್ಪತ್ತು ಸಾವಿರದ ಸ್ಕೋಪು; ಅದನ್ನು ಕೂರಿಸಿದ್ದು ಮೌಂಟಿನ ಪೊಟ್ಟಣದಲ್ಲಿ ಪುಕ್ಕಟೆ ಬಂದ, ಒತ್ತಿದರೆ ಬಾಗುವ ಒಂದು ಅಲೆನ್ ಕೀಯಿಂದ.

ನಾನು ಹುಟ್ಟಿದ್ದು ಕೊಡಗಿನಲ್ಲಿ. ನಮ್ಮಲ್ಲಿ ಕೋವಿ ಮನೆಯ ಒಬ್ಬ ಸದಸ್ಯನಿದ್ದ ಹಾಗೆ. ನಾಟಿಯ ತಿಂಗಳುಗಳಲ್ಲಿ ಅದನ್ನು ದೇವರ ಕೋಣೆಯಲ್ಲಿಟ್ಟು, ಗದ್ದೆ ಕೆಲಸ ಮುಗಿದು ಕೈಲ್‌ಪೊಳ್ದ್ ಹಬ್ಬ ಬಂದಾಗ ಹೊರತೆಗೆದು, ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಆ ದಿನ ಮಕ್ಕಳಾದ ನಮಗೆ ಕೋವಿ ಮುಟ್ಟುವ ಆಸೆ. ಅಜ್ಜ ನಮ್ಮ ಕೈಗೆ ಕೊಡುತ್ತಿದ್ದುದು ಎಣ್ಣೆ ಬಟ್ಟೆ ಮತ್ತು ನಳಿಗೆ ತಿಕ್ಕುವ ಗಜ. ಅವೆರಡನ್ನು ಸರಿಯಾಗಿ ಹಿಡಿಯಲು ಕಲಿತವನಿಗೆ ಮುಂದೊಂದು ವರ್ಷ ಕೋವಿ ಸಿಗುತ್ತಿತ್ತು. ಮೊದಲು ಉಪಕರಣ, ಆಮೇಲೆ ಆಯುಧ. ಅದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಮನೆಯ ನಡವಳಿಕೆ.

ಈಗ ಕ್ರಮ ತಿರುಗಿಬಿಟ್ಟಿದೆ. ರೈಫಲ್ ಮೊದಲು, ಸ್ಕೋಪ್ ಮರುವಾರ, ಉಪಕರಣ ಎಂದಾದರೂ ಒಂದು ದಿನ. ಸರಿಯಾದ ಉಪಕರಣವನ್ನು ನಾಳೆಯೇ ಮನೆಬಾಗಿಲಿಗೆ ತಂದುಕೊಡುತ್ತೇವೆ ಎನ್ನುವವರು ಇದ್ದರೂ ಇಂದು ಸಂಜೆಯೇ ಕೂರಿಸಿಬಿಡುವ ಆತುರ ನಿಮಗೆ. ನಿಮ್ಮ ವಯಸ್ಸಿಗೆ ಆತುರ ಸಹಜ, ಅದಕ್ಕಾಗಿ ಬೈಯುವುದಿಲ್ಲ. ಆದರೆ ಉಪಕರಣಕ್ಕೆ ಎತ್ತಿಟ್ಟ ಹಣದಲ್ಲೇ ಇನ್ನಷ್ಟು ಜೂಮ್ ಇರುವ ಸ್ಕೋಪ್ ಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಅದಕ್ಕೂ ಮುಂಚಿನ ಪ್ರಶ್ನೆ ಒಂದಿದೆ. ನಿಮಗೆ ಸ್ಕೋಪ್ ಬೇಕೇ? ನಾನಿರುವ ಈ ಅಹಮದಾಬಾದಿನಲ್ಲಿ ಬೆಳೆದ ಶೂಟರ್ ಇಳವೇನಿಲ್ ವಾಳರಿವನ್ 2019ರಲ್ಲಿ ರಿಯೊ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದಾಗ ಆಕೆಯ ರೈಫಲಿನ ಮೇಲೆ ಸ್ಕೋಪ್ ಇರಲಿಲ್ಲ; ಇರುವಂತೆಯೂ ಇಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಆ ಸ್ಪರ್ಧೆಯಲ್ಲಿ ಸಣ್ಣ ರಂಧ್ರದ ಮೂಲಕ ನೋಡುವ ಸೈಟ್ ಮಾತ್ರ ಬಳಸಬೇಕು. ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್, ಪೆಲೆಟ್ಟಿನ ಅಗಲ 4.5 ಮಿ.ಮೀ. ಅಷ್ಟು ಸಣ್ಣ ಗುರಿಗೆ ಸ್ಕೋಪ್ ಇಲ್ಲದೆ ಹೊಡೆಯುತ್ತಾರೆ. ಪಕ್ಕದ ಆನಂದ ಜಿಲ್ಲೆಯ ಲಜ್ಜಾ ಗೋಸ್ವಾಮಿ 2013ರಲ್ಲಿ ಸ್ಪೇನಿನ ಗ್ರಾನಡಾದಲ್ಲಿ ವಿಶ್ವಕಪ್ ಬೆಳ್ಳಿ ಗೆದ್ದದ್ದೂ ಹಾಗೆಯೇ, 50 ಮೀಟರ್ ದೂರದ ಗುರಿಗೆ. ಸ್ಪರ್ಧೆಗೆ ಇಳಿಯುವ ಮನಸ್ಸಿದ್ದರೆ ಸ್ಕೋಪಿನ ಹಣ ಉಳಿಸಿ ಒಳ್ಳೆಯ ಕೋಚ್ ಹತ್ತಿರ ಹೋಗಿ. ಕ್ಲಬ್ಬಿನಲ್ಲೋ ತೋಟದ ಮನೆಯಲ್ಲೋ ಕಾಗದದ ಗುರಿಗೆ ದೂರದಿಂದ ಹೊಡೆಯುವ ಹವ್ಯಾಸ ನಿಮ್ಮದಾದರೆ ಸ್ಕೋಪ್ ಇರಲಿ, ಮುಂದಿನ ಮಾತು ನಿಮಗೆ.

ಮೊದಲು ಅಲೆನ್ ಕೀ. ರಿಂಗಿನ ತಿರುಪುಗಳಲ್ಲಿ ಕೆಲವು ಮಿಲಿಮೀಟರ್ ಅಳತೆಯವು, ಕೆಲವು ಅಮೆರಿಕದ ಇಂಚಿನ ಅಳತೆಯವು, ಇನ್ನು ಕೆಲವು ಆರು ಮೊನೆಯ ನಕ್ಷತ್ರದಂತಿರುವ ಟಾರ್ಕ್ಸ್. 2.5 ಮಿ.ಮೀ. ಗುಳಿಗೆ ಇಂಚಿನ ಮೂವತ್ತೆರಡನೆಯ ಮೂರು ಭಾಗದ ಕೀ ಸಲೀಸಾಗಿ ಇಳಿಯುತ್ತದೆ, ಕೂತಿದೆ ಅನ್ನಿಸುತ್ತದೆ. ಅದರ ನಿಜವಾದ ಅಳತೆ ಸುಮಾರು 2.38. ಆ ಕೂದಲೆಳೆಯ ಸಡಿಲದಲ್ಲಿ ಕೀಯ ಅಂಚುಗಳು ಗುಳಿಯ ಗೋಡೆಯನ್ನು ಒತ್ತದೆ ಮೂಲೆಗಳನ್ನು ಕೆರೆಯುತ್ತವೆ. ಮೊದಲ ಸಲ ಏನೂ ಕಾಣದು. ಮೂರನೆಯ ಸಲಕ್ಕೆ ಕೀ ಜಾರುತ್ತದೆ. ಆಮೇಲೆ ಆ ತಿರುಪು ಬಿಗಿಯಲೂ ಒಲ್ಲದು, ಬಿಚ್ಚಲೂ ಒಲ್ಲದು. ಆದ್ದರಿಂದ ಮೌಂಟಿನ ತಯಾರಕರು ಯಾವ ಅಳತೆ ಹೇಳಿದ್ದಾರೋ ಅದೇ ಕೀ ತನ್ನಿ. ಗುಳಿಗೆ ಇಳಿಸಿ ಅತ್ತಿತ್ತ ಆಡಿಸಿ ನೋಡಿ, ಆಡಬಾರದು. ಕೀಯ ತುದಿಯನ್ನು ಬೆಳಕಿಗೆ ಹಿಡಿಯಿರಿ. ಅಂಚು ಮಿಂಚುವಷ್ಟು ಚೂಪಾಗಿರಬೇಕು. ಮೊಂಡಾಗಿದ್ದರೆ ಸಾಣೆಗೆ ಕೊಟ್ಟು ತುದಿಯನ್ನು ಒಂದೆರಡು ಮಿಲಿಮೀಟರ್ ಸಮನಾಗಿ ತೆಗೆಸಿದರೆ ಹೊಸ ಅಂಚು ಸಿಗುತ್ತದೆ. ಸಾಣೆ ಹಿಡಿಯುವಾಗ ನೀರಿನಲ್ಲಿ ಅದ್ದುತ್ತಿರಲಿ, ಕೀ ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ಲೆಕ್ಕ. ಗುಂಡು ತುದಿಯ ಕೀ ಓರೆಯಿಂದ ತಿರುಗಿಸಲು ಅನುಕೂಲ, ಆದರೆ ಕೊನೆಯ ಬಿಗಿಗೆ ಅದನ್ನು ಬಳಸಲೇಬೇಡಿ.

ಸೀಳು ತಲೆಯ ಹಳೆಯ ತಿರುಪುಗಳಿದ್ದರೆ ಮನೆಯ ಸ್ಕ್ರೂಡ್ರೈವರ್ ತರಬೇಡಿ. ಅದರ ಅಲಗು ತುದಿಯತ್ತ ತೆಳುವಾಗುತ್ತಾ ಹೋಗುತ್ತದೆ, ಹಾಗಾಗಿ ತಿರುಗಿಸಿದಾಗ ಸೀಳಿನಿಂದ ಮೇಲಕ್ಕೆ ಏರಿ ಬಾಯಿ ಹರಿಯುತ್ತದೆ. ಎರಡು ಮುಖವೂ ಸಮಾನಾಂತರವಾಗಿರುವ, ಸೀಳಿನ ಉದ್ದ ದಪ್ಪ ಎರಡನ್ನೂ ತುಂಬುವ ಬಿಟ್ ಬೇಕು.

ಓದು ಮುಗಿಸಿ ನಾನು ಅಹಮದಾಬಾದಿಗೆ ಬಂದು ವಟವಾದ ಜಿಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಒಂದು ಟೂಲ್‌ರೂಮ್ ಸೇರಿದಾಗ ನಮ್ಮ ಮೇಲಿದ್ದವರು ಬಟ್ಟೆ ಗಿರಣಿಯಿಂದ ಬಂದ ಒಬ್ಬ ಹಿರಿಯ ಫಿಟ್ಟರ್. ಎಲ್ಲರಿಗೂ ಅವರು ಮಿಸ್ತ್ರಿಕಾಕಾ. ಸೋಮವಾರ ಬೆಳಿಗ್ಗೆ ಯಂತ್ರ ಶುರುಮಾಡುವ ಮೊದಲು ಹುಡುಗರ ಪೆಟ್ಟಿಗೆ ತೆರೆಸಿ, ಒಂದೊಂದು ಕೀಯನ್ನೂ ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡುತ್ತಿದ್ದರು. ಉಗುರನ್ನು ಹೆರೆಯದ ಕೀ ಕಸದ ಡಬ್ಬಿಗೆ. ಯಾರನ್ನೂ ಬೈದವರಲ್ಲ. ಆದರೆ ಮೊಂಡು ಕೀ ಇಟ್ಟುಕೊಂಡವನು ಆ ದಿನ ಜೋಡಣೆಯ ಮೇಜಿಗೆ ಬರುವಂತಿರಲಿಲ್ಲ, ತುಕ್ಕು ತಿಕ್ಕುವ ಕೆಲಸ ಅವನಿಗೆ. ಮುಂದೆ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿದ ವರ್ಷಗಳಲ್ಲಿ, ಎಲ್ಲಿಸ್ ಸೇತುವೆಯ ಕೆಳಗೆ ಸಬರಮತಿಯ ದಂಡೆಯಲ್ಲಿ ಭಾನುವಾರ ನಡೆಯುತ್ತಿದ್ದ ಗುಜರಿ ಬಜಾರಿನಲ್ಲಿ ಅಂಥ ಫಿಟ್ಟರುಗಳ ಉಪಕರಣಗಳು ಗೋಣಿಯ ಮೇಲೆ ಮಾರಾಟಕ್ಕೆ ಬಂದವು. ಮೂವತ್ತು ವರ್ಷ ದುಡಿದ ಸ್ಪ್ಯಾನರಿನ ಬಾಯಿ ಹೊಸದರಂತಿತ್ತು. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹಾಗೆ ಕಾಪಾಡಿದ ಕೈಗಳಿಗೆ ಕೆಲಸವಿಲ್ಲ.

ಈಗ ನಿಮ್ಮ ಮನೆಯ ಪೆಟ್ಟಿಗೆ ನೋಡಿ. ಆಯುಧಪೂಜೆಯ ದಿನ ಉಪಕರಣಕ್ಕೆ ಕುಂಕುಮ ಹಚ್ಚುತ್ತೇವೆ, ಮರುದಿನ ಅದೇ ಸ್ಕ್ರೂಡ್ರೈವರಿನಿಂದ ಬಣ್ಣದ ಡಬ್ಬಿಯ ಮುಚ್ಚಳ ಮೀಟುತ್ತೇವೆ. ಇದು ದೊಡ್ಡವರಾದ ನಮ್ಮಿಂದಲೇ ನಿಮಗೆ ಬಂದ ಅಭ್ಯಾಸ, ಆ ತಪ್ಪು ನಮ್ಮ ತಲೆಮಾರಿನದು. ನೀವು ಬಿಡಬಹುದು.

ಎರಡನೆಯದು, ನಾನು ಅತಿ ಮುಖ್ಯವೆಂದು ಹೇಳುವುದು, ಟಾರ್ಕ್ ಸ್ಕ್ರೂಡ್ರೈವರ್. ನಾವು ಗೊತ್ತುಮಾಡಿದಷ್ಟೇ ಬಲಕ್ಕೆ ‘ಟಿಕ್’ ಎಂದು ನಿಲ್ಲುವ ಉಪಕರಣ. “ಕೈ ಅಂದಾಜಿಗೆ ಸಿಗುತ್ತೆ ಅಂಕಲ್” ಎನ್ನುತ್ತೀರಿ. ಸಿಗುವುದಿಲ್ಲ ಮಕ್ಕಳೇ. ಬೆಳಗಿನ ಕೈ ಬೇರೆ, ದಣಿದ ಕೈ ಬೇರೆ. ಉದ್ದ ಕೀಯಲ್ಲಿ ಬಿಗಿದಾಗ ಒಂದು, ಗಿಡ್ಡ ಕೀಯಲ್ಲಿ ಇನ್ನೊಂದು. ಸ್ಕೋಪಿನ ಕೊಳವೆ ತೆಳು ಅಲ್ಯುಮಿನಿಯಮ್, ಸಾಮಾನ್ಯವಾಗಿ 25.4 ಅಥವಾ 30 ಮಿ.ಮೀ. ವ್ಯಾಸದ್ದು. ಅದರೊಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ನೀವು ಮೇಲಿನ ಗುಬ್ಬಿ ತಿರುಗಿಸಿದಾಗ ಅಲುಗುವುದು ಅದೇ. ಹೊರಗಿನದನ್ನು ಹಿಸುಕಿದರೆ ಒಳಗಿನದು ಸರಾಗವಾಗಿ ಅಲುಗದೆ ಹಿಡಿಯುತ್ತದೆ. ಆಗ ನಾಲ್ಕು ಕ್ಲಿಕ್ ತಿರುಗಿಸಿದರೂ ಗುರಿ ಕದಲದು, ಐದನೆಯದಕ್ಕೆ ಒಮ್ಮೆಗೇ ಹಾರುತ್ತದೆ. ನೀವು ಪೆಲೆಟ್ಟನ್ನು, ಗಾಳಿಯನ್ನು, ಕೊನೆಗೆ ನಿಮ್ಮನ್ನೇ ದೂರಿಕೊಳ್ಳುತ್ತೀರಿ. ಒಳ್ಳೆಯ ಕಣ್ಣಿದ್ದ ಒಬ್ಬ ಹುಡುಗಿ ಹೀಗೆಯೇ ಬೇಸತ್ತು ರೈಫಲನ್ನು ಮಂಚದ ಕೆಳಗೆ ಸರಿಸಿಬಿಟ್ಟಳು. ಅದಕ್ಕೇ ಇಷ್ಟೊಂದು ಒತ್ತಿ ಹೇಳುತ್ತಿದ್ದೇನೆ.

ರಿಂಗಿನ ಮೇಲ್ತುಂಡಿನ ತಿರುಪುಗಳಿಗೆ ಬಹಳ ತಯಾರಕರು ಹೇಳುವುದು 15ರಿಂದ 18 ಇಂಚ್‌-ಪೌಂಡ್, ಅಂದರೆ ಸುಮಾರು 1.7ರಿಂದ 2 ನ್ಯೂಟನ್ ಮೀಟರ್. ನಿಮ್ಮ ಮೌಂಟಿನ ಕಾಗದದಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಸರಿ. ಮೌಂಟನ್ನು ರೈಫಲಿಗೆ ಹಿಡಿಸುವ ತಿರುಪಿನ ಸಂಖ್ಯೆಯೇ ಬೇರೆ, ಅದನ್ನೂ ಓದಿ. ಒಂದು ನ್ಯೂಟನ್ ಮೀಟರಿಗೆ 8.85 ಇಂಚ್‌-ಪೌಂಡ್ ಎಂಬುದನ್ನು ಪೆಟ್ಟಿಗೆಯ ಮುಚ್ಚಳದೊಳಗೆ ಬರೆದಿಡಿ. 18 ಇಂಚ್‌-ಪೌಂಡ್ ಎನ್ನುವಲ್ಲಿ 18 ನ್ಯೂಟನ್ ಮೀಟರ್ ಎಂದು ಓದಿದರೆ ತಿರುಪು ಕತ್ತರಿಸಿ ಹೋಗುತ್ತದೆ, ಇಲ್ಲವೇ ಕೊಳವೆ ಜಜ್ಜುತ್ತದೆ. ಗೆಳೆಯನ ಗ್ಯಾರೇಜಿನಿಂದ ಕಾರಿನ ಚಕ್ರ ಬಿಗಿಯುವ ಟಾರ್ಕ್ ರೆಂಚ್ ಕೇಳಿ ತರಬೇಡಿ, ಅದರ ಅಳತೆ ಶುರುವಾಗುವುದೇ ನಿಮಗೆ ಬೇಕಾದ್ದಕ್ಕಿಂತ ಬಹಳ ಮೇಲೆ. 1ರಿಂದ 6 ನ್ಯೂಟನ್ ಮೀಟರ್ ವ್ಯಾಪ್ತಿಯದು ಸಾಕು. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಅತಿ ಕಡಿಮೆ ಅಂಕಿಗೆ ಇಳಿಸಿ ಪೆಟ್ಟಿಗೆಗೆ ಹಾಕಿ. ಕಾರ್ಖಾನೆಗಳಲ್ಲಿ ಇಂಥ ಉಪಕರಣವನ್ನು ವರ್ಷಕ್ಕೊಮ್ಮೆ ಅಥವಾ 5000 ಸಲ ಬಳಸಿದ ಮೇಲೆ ಮರುಪರೀಕ್ಷೆಗೆ ಕಳಿಸುವ ರೂಢಿಯಿದೆ. ನಿಮ್ಮ ಬಳಕೆಗೆ ಅಷ್ಟು ಬೇಡ, ಆದರೆ ಕೆಳಗೆ ಬಿದ್ದ ಉಪಕರಣವನ್ನು ಪರೀಕ್ಷಿಸದೆ ನಂಬಬೇಡಿ.

ಬಿಗಿಯುವ ಕ್ರಮವೂ ಕಲಿಯಬೇಕಾದ್ದೇ. ನಾಲ್ಕು ತಿರುಪಿದ್ದರೆ ಎದುರುಬದುರು ಮೂಲೆಗಳಲ್ಲಿ, ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು. ರಿಂಗಿನ ಎರಡೂ ಬದಿಯ ಸಂದು ಸಮನಾಗಿರುವಂತೆ ನೋಡಿಕೊಳ್ಳಿ. ಒಂದು ಬದಿ ಮುಚ್ಚಿ ಇನ್ನೊಂದು ಬದಿ ಬಾಯ್ದೆರೆದರೆ, ನೀವು ಮಟ್ಟ ಮಾಡಿಟ್ಟ ಸ್ಕೋಪ್ ಬಿಗಿಯುವಾಗಲೇ ಓರೆಯಾಗುತ್ತದೆ.

ಮಟ್ಟದ ಮಾತು ಬಂತಲ್ಲ. ಅದಕ್ಕೆ ದುಬಾರಿ ಸಾಮಾನು ಬೇಡ. ಗಾರೆಯವರ ತೂಗುಗುಂಡು ಸಾಕು. ಫ್ಯಾನ್ ಆರಿಸಿ, ಕೋಣೆಯ ಆ ತುದಿಯಲ್ಲಿ ದಾರ ಇಳಿಬಿಡಿ. ರೈಫಲನ್ನು ಅಲುಗದಂತೆ ಕೂರಿಸಿ, ಅಂಗೈಯಗಲದ ಒಂದು ರಸಮಟ್ಟವನ್ನು ಅದರ ಮೇಲಿಟ್ಟು ಸಮಮಾಡಿ. ಆಮೇಲೆ ಸ್ಕೋಪಿನೊಳಗಿನ ನಿಂತ ಗೆರೆಯನ್ನು ಆ ದಾರಕ್ಕೆ ಹೊಂದಿಸಿ. ಇಷ್ಟು ಮಾಡಲು ಅರ್ಧ ಗಂಟೆ ಬೇಕು, ಕೊಡಿ. ಐದು ಡಿಗ್ರಿ ಓರೆಯಾದರೆ ಏನಾಯಿತು ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. 50 ಮೀಟರ್ ಹೋಗುವಷ್ಟರಲ್ಲಿ ಏರ್ ರೈಫಲಿನ ಪೆಲೆಟ್ ಸುಮಾರು ಕಾಲು ಮೀಟರ್ ಕೆಳಗಿಳಿಯುತ್ತದೆ. ಅದನ್ನು ಸರಿದೂಗಿಸುವ ಗೆರೆಯೇ ಐದು ಡಿಗ್ರಿ ವಾಲಿದ್ದರೆ ಪೆಲೆಟ್ ಪಕ್ಕಕ್ಕೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಸರಿಯುತ್ತದೆ. ಹತ್ತಿರದಲ್ಲಿ ಸರಿ, ದೂರದಲ್ಲಿ ತಪ್ಪು. ಇದರ ಕಾರಣ ಹುಡುಕುತ್ತಾ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ.

ತಿರುಪು ಸಡಿಲವಾಗದಿರಲೆಂದು ಹಚ್ಚುವ ಅಂಟಿನ ವಿಷಯದಲ್ಲಿ ಎಚ್ಚರ. ನೀಲಿಯದು ಸಾಮಾನ್ಯ ಉಪಕರಣದಿಂದ ಬಿಚ್ಚಿಕೊಳ್ಳುತ್ತದೆ, ಕೆಂಪನ್ನು ಬಿಚ್ಚಲು ಚೆನ್ನಾಗಿ ಕಾಯಿಸಬೇಕು. ಗಾಜಿರುವ ವಸ್ತುವಿನ ಬಳಿ ಅದು ಸಲ್ಲದು. ನೀಲಿಯನ್ನೂ ತಯಾರಕರು ಹೇಳಿದ ಕಡೆ ಮಾತ್ರ, ಒಂದು ಹನಿ. ರಿಂಗಿನ ಮೇಲ್ತುಂಡಿಗೆ ಬೇಡ. ಒದ್ದೆ ಅಂಟು ಜಾರಿಸುವುದರಿಂದ ಅದೇ ಟಾರ್ಕಿನಲ್ಲಿ ತಿರುಪು ಹೆಚ್ಚು ಬಿಗಿಯುತ್ತದೆ, ಎಣ್ಣೆಯೂ ಹಾಗೆಯೇ. ಅದಕ್ಕೇ ಮೊದಲು ತಿರುಪನ್ನೂ ಅದು ಕೂರುವ ತೂತನ್ನೂ ಒರೆಸಿ ಒಣಗಿಸಿ.

ಸ್ಪ್ರಿಂಗ್ ರೈಫಲ್ ಇರುವವರಿಗೆ ಇನ್ನೂ ಒಂದು ಮಾತು. ಅದು ಬೆಲೆಗೆ ಕಡಿಮೆ, ಒದೆತಕ್ಕೆ ಕೆಟ್ಟದ್ದು. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ಕೊನೆಗೆ ಬಡಿದಾಗ ರೈಫಲ್ ಮುಂದಕ್ಕೆ, ಹೀಗೆ ಎರಡು ಕಡೆಗೂ ಜಗ್ಗುತ್ತದೆ. ದೊಡ್ಡ ಬಂದೂಕಿಗೆಂದು ಮಾಡಿದ ಸ್ಕೋಪ್‌ಗಳಲ್ಲೂ ಕೆಲವು ಇದಕ್ಕೆ ಸೋಲುತ್ತವೆ. ಏರ್‌ಗನ್ನಿಗೆ ತಾಳುತ್ತದೆ ಎಂದು ಬರೆದಿರುವ ಸ್ಕೋಪನ್ನೇ ಕೊಳ್ಳಿ. ಹಿಂದಕ್ಕೆ ಜಾರದಂತೆ ತಡೆಯುವ ಮೊಳೆಯಿರುವ ಒಂದೇ ತುಂಡಿನ ಮೌಂಟ್ ಹಾಕಿ. ಹೆಚ್ಚು ಬಿಗಿದು ಜಾರುವುದನ್ನು ನಿಲ್ಲಿಸಲು ಹೋಗಬೇಡಿ.

ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. ಅಹಮದಾಬಾದಿನಲ್ಲೇ ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರವಿದೆ. ಮಂಗಳಯಾನದ ಬಣ್ಣದ ಕ್ಯಾಮೆರಾ ತಯಾರಾದದ್ದು ಅಲ್ಲಿ. ಹಾರಿಹೋದ ಮೇಲೆ ಮತ್ತೆ ಮುಟ್ಟಲಾಗದ ಯಂತ್ರಗಳ ಜೋಡಣೆಯಲ್ಲಿ ಯಾವ ತಿರುಪು, ಎಷ್ಟು ಬಲ ಎಂಬುದೆಲ್ಲ ದಾಖಲೆಗೆ ಸೇರುತ್ತದೆ. ಸೂರತ್ತಿನ ಮಕ್ಕಳೇ, ನಿಮ್ಮ ನೆರೆಮನೆಯ ವಜ್ರದ ಕೆಲಸಗಾರರನ್ನು ನೋಡಿ. ಒಂದು ಮುಖ ಉಜ್ಜಿ, ಹತ್ತು ಪಟ್ಟು ಹಿಗ್ಗಿಸುವ ಮಸೂರ ಕಣ್ಣಿಗಿಟ್ಟು ನೋಡಿ, ಮತ್ತೆ ಉಜ್ಜುತ್ತಾರೆ. ಕಣ್ಣಂದಾಜು ಅವರಿಗೆ ನಿಮಗಿಂತ ಎಷ್ಟೋ ಪಾಲು ಹೆಚ್ಚು, ಆದರೂ ಅಳೆಯುವುದನ್ನು ಬಿಟ್ಟವರಿಲ್ಲ. ನೀವೂ ತಾರೀಖು, ತಿರುಪು, ಟಾರ್ಕ್ ಬರೆದು, ತಿರುಪಿನ ತಲೆಯಿಂದ ರಿಂಗಿನ ಮೇಲಕ್ಕೆ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ತಿರುಪು ಅಲುಗಿದೆ ಎಂದರ್ಥ.

ಇಷ್ಟೆಲ್ಲ ಹೇಳಿ, ಎಲ್ಲಕ್ಕಿಂತ ಮೊದಲಿನದನ್ನು ಹೇಳದಿದ್ದರೆ ನನ್ನ ಹಿರಿತನಕ್ಕೆ ಅರ್ಥವಿಲ್ಲ. ಯಾವ ಕೀ ಎತ್ತಿಕೊಳ್ಳುವ ಮುನ್ನವೂ ರೈಫಲ್ ಖಾಲಿಯಿದೆಯೇ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ನಳಿಗೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ದಾಟದ ಏರ್ ರೈಫಲಿಗೆ ಪರವಾನಗಿ ಬೇಡ ಎನ್ನುವುದು ನಿಜ. ಪರವಾನಗಿ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ, ಕಣ್ಣು ಕಳೆಯಲು ಒಂದು ಪೆಲೆಟ್ ಸಾಕು. ಅಪ್ಪನದೋ ಮಾವನದೋ ಪರವಾನಗಿಯ ರೈಫಲ್ ಮನೆಯಲ್ಲಿದ್ದರೆ ಸ್ಕೋಪ್ ಕೂರಿಸಲೆಂದು ಅದಕ್ಕೆ ನೀವು ತೂತು ಕೊರೆಯಲು ಹೋಗಬೇಡಿ. ಆ ಕೆಲಸಕ್ಕೂ ಕಾನೂನು ಪರವಾನಗಿ ಕೇಳುತ್ತದೆ, ರೈಫಲಿನ ಒಡೆಯರೇ ಅಂಥ ಪರವಾನಗಿ ಇರುವವರಲ್ಲಿಗೆ ಒಯ್ಯಲಿ. ಮತ್ತೆ, ಹಕ್ಕಿಗೆ ಗುರಿ ಹಿಡಿಯಬೇಡಿ, ಕೋತಿಗೂ ಬೇಡ. ಉತ್ತರಾಯಣದಲ್ಲಿ ಗಾಳಿಪಟದ ಮಾಂಜಾಕ್ಕೆ ಸಿಕ್ಕಿ ಬಿದ್ದ ಪಾರಿವಾಳವನ್ನು ಎತ್ತಿಕೊಂಡು ಚಿಕಿತ್ಸೆಗೆ ಓಡುವ ಊರು ಇದು.

1951ರಲ್ಲಿ ಭಾರತದ ರಾಷ್ಟ್ರೀಯ ರೈಫಲ್ ಸಂಸ್ಥೆ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಈ ಅಹಮದಾಬಾದಿನವರೇ, ಗಣೇಶ ವಾಸುದೇವ ಮಾವಳಂಕರ್. ವಡೋದರಾದಲ್ಲಿ ಹುಟ್ಟಿ ಇಲ್ಲಿ ವಕೀಲಿ ಮಾಡಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು, ಲೋಕಸಭೆಯ ಮೊದಲ ಸ್ಪೀಕರ್ ಆದವರು. ಇಂದಿಗೂ ಅವರ ಹೆಸರಿನ ಶೂಟಿಂಗ್ ಸ್ಪರ್ಧೆ ಇದೆ. ಗಾಂಧೀಜಿಯ ಹಾದಿಯಲ್ಲಿ ನಡೆದ ಮನುಷ್ಯ ಈ ಆಟಕ್ಕೆ ಹೆಗಲು ಕೊಟ್ಟಿದ್ದರು ಎನ್ನುವುದನ್ನು, ರೈಫಲ್ ಹಿಡಿದು ರೀಲ್ ಮಾಡುವ ಮನಸ್ಸು ಬಂದಾಗ ನೆನಪಿಸಿಕೊಳ್ಳಿ.

ಹಣದ ಚಿಂತೆ ಬೇಡ. ಟಾರ್ಕ್ ಸ್ಕ್ರೂಡ್ರೈವರ್ ಒಬ್ಬೊಬ್ಬರೂ ಕೊಳ್ಳುವ ವಸ್ತುವಲ್ಲ, ವರ್ಷಕ್ಕೆ ನಾಲ್ಕಾರು ಸಲ ಬೇಕಾಗುವಂಥದ್ದು. ನಾಲ್ವರು ಸೇರಿ ಒಂದನ್ನು ಕೊಳ್ಳಿ. ಅಲೆನ್ ಕೀ, ಬಿಟ್‌ಗಳನ್ನು ಮಾತ್ರ ಹೆಸರಿರುವ ಕಂಪನಿಯವು ನೋಡಿ ನಿಮ್ಮ ನಿಮ್ಮದೇ ಇಟ್ಟುಕೊಳ್ಳಿ, ಹಂಚಿಕೊಂಡ ಕೀ ಬೇಗ ಮೊಂಡಾಗುತ್ತದೆ. ಟಾರ್ಕಿನದು ನಿಮ್ಮಲ್ಲಿ ಹೆಚ್ಚು ಶಿಸ್ತಿರುವವರ ಮನೆಯಲ್ಲಿರಲಿ, ಜೊತೆಗೆ ಒಂದು ನೋಟ್‌ಬುಕ್. ಯಾರು ಒಯ್ದರು, ಎಂದು ತಂದರು, ಅಂಕಿ ಕೆಳಗಿಳಿಸಿ ತಂದರೇ ಎಂದು ಅದರಲ್ಲಿ ಬರೆಯಿರಿ. ಕೂರಿಸಿದ ಸ್ಕೋಪಿಗೆ ಮೊದಲ ಐವತ್ತು ಹೊಡೆತ ಆದ ಮೇಲೆ ಮತ್ತೊಮ್ಮೆ ಟಾರ್ಕ್ ಸ್ಕ್ರೂಡ್ರೈವರನ್ನು ಕೇಳಿ ತಂದು, ಅದೇ ಅಂಕಿಗೆ ಇಟ್ಟು, ಪ್ರತಿ ತಿರುಪನ್ನೂ ಒಮ್ಮೆ ಮುಟ್ಟಿ ನೋಡಿ. ತಿರುಗದೆಯೇ ‘ಟಿಕ್’ ಎಂದರೆ ಹಾಗೆಯೇ ಬಿಡಿ.